ಅಣಬೆಗೆ ಅಡ್ಡಬಿದ್ದು

ಹಸ್ತದ ಮಳೆ ಹುಯ್ದು ಬಿಟ್ಟ ಮೂರನೆಯ ದಿನ ಬೆಳಿಗ್ಗೆ ನೀವೇನಾದರೂ ಮಾಸ್ತಿಯ ಕಡೆ ಬಂದರೆ, ಊರಾಚೆಯ ಗುಂಡುತೋಪಿನಲ್ಲಿ ನಡುವಯಸ್ಸಿನ ಮನುಷ್ಯನೊಬ್ಬ ಹೊಟ್ಟೆ ಅಡಿಯಾಗಿ ಮಲಗಿ, ಕರಿಯ ಕೊಡೆಯೊಂದನ್ನು ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿಕೊಂಡು, ಉಸಿರು ಬಿಗಿಹಿಡಿದಿರುವುದನ್ನು ಕಾಣಬಹುದು. ಗಾಬರಿಪಡಬೇಕಾದ್ದಿಲ್ಲ. ಆತನಿಗೆ ಎದೆನೋವು ಬಂದಿಲ್ಲ. ನಿಧಿ ಹುಡುಕುತ್ತಲೂ ಇಲ್ಲ. ವಾರದ ಉಳಿದ ದಿನಗಳಲ್ಲಿ ಆತ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟರು. ರಜೆಯ ದಿನ ಅಣಬೆಯ ಫೋಟೋ ತೆಗೆಯುತ್ತಾನೆ. ಆ ಮನುಷ್ಯ ನಾನೇ ಎಂದು ಬೇರೆ ಹೇಳಬೇಕೆ?

ಮಾಸ್ತಿ ಎಂದೊಡನೆ ಕನ್ನಡ ಓದಿದವರಿಗೆ ಊರು ನೆನಪಾಗುವುದಿಲ್ಲ, ಮನುಷ್ಯರು ನೆನಪಾಗುತ್ತಾರೆ. ೧೮೯೧ರಲ್ಲಿ ಈ ಸೀಮೆಯಲ್ಲಿ ಹುಟ್ಟಿ, ೧೯೮೩ರ ಜ್ಞಾನಪೀಠ ಪಡೆದ ವೆಂಕಟೇಶ ಅಯ್ಯಂಗಾರ್ಯರು ಊರಿನ ಹೆಸರನ್ನು ಅಷ್ಟು ಪೂರ್ತಿಯಾಗಿ ತಮ್ಮದು ಮಾಡಿಕೊಂಡುಬಿಟ್ಟರು. ಹೀಗಾಗಿ "ಮಾಸ್ತಿಯಲ್ಲಿ ಅಣಬೆ ಚೆನ್ನಾಗಿವೆ" ಎಂದು ನಾನು ಹೇಳಿದರೆ, ನನ್ನ ಸಹೋದ್ಯೋಗಿಗಳು ಅದು ಯಾವ ಕಥಾಸಂಗ್ರಹದಲ್ಲಿದೆ ಎಂದು ಕೇಳುತ್ತಾರೆ. ಊರು ಇದೆ. ಮಾಲೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕೂತು ಎಲೆಯಡಕೆ ಹಾಕಿಕೊಳ್ಳುವ ಊರು.

ಅಣಬೆ ಎಂದರೆ ಮಲೆನಾಡು ಎನ್ನುವವರಿಗೆ ಕೋಲಾರದ ಹೆಸರು ಕೇಳಿ ನಗು ಬರಬಹುದು. ವರ್ಷಕ್ಕೆ ೭೦೦ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಬಯಲುಸೀಮೆ ಇದು. ಕಾಡು ಎಂದು ಕರೆಯುವಂಥದು ಮಾಸ್ತಿಯ ಸುತ್ತ ಇಲ್ಲ. ಇರುವುದು ಎರಡು ಬಗೆಯ ತೋಪು. ಒಂದು, ಹಿಂದೆ ಮೈಸೂರು ಸೀಮೆಯ ಊರೂರಿನಲ್ಲಿಯೂ ದಾರಿಹೋಕರ ನೆರಳಿಗೆಂದು ಬೆಳೆಸಿದ ಗುಂಡುತೋಪು. ಮಾವು, ಹುಣಿಸೆ, ನೇರಳೆ, ಹೊಂಗೆ ಸೇರಿ ನಿಂತದ್ದು. ಎಷ್ಟೋ ಊರುಗಳಲ್ಲಿ ಅದರ ಹೆಸರು ಮಾತ್ರ ಉಳಿದು, ಜಾಗದಲ್ಲಿ ಬೇರೇನೋ ಎದ್ದಿದೆ. ಇನ್ನೊಂದು, ಸಾಲಾಗಿ ನಿಂತ ನೀಲಗಿರಿ ತೋಪು. ೨೦೧೭ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದೆಂದಿತು. ಅಷ್ಟು ಹೊತ್ತಿಗೆ ಅದು ಈ ಜಿಲ್ಲೆಯ ನೆಲದಲ್ಲಿ ಮನೆಯಳಿಯನಂತೆ ತಳವೂರಿಬಿಟ್ಟಿತ್ತು. ನೀಲಗಿರಿಯ ಬೇರನ್ನು ನೆಚ್ಚಿ ಬದುಕುವ ಒಂದು ಅಣಬೆಯೂ ಉಂಟು. ಅದಕ್ಕೆ ಕೊಡೆಯಿಲ್ಲ, ಕೋಲಿಲ್ಲ. ಸಗಣಿಯುಂಡೆಯಂತೆ ಮಣ್ಣಿನಿಂದ ಏಳುತ್ತದೆ, ಒಡೆದರೆ ಕಂದು ಪುಡಿ ಹಾರುತ್ತದೆ. ಮರದ ಜೊತೆಗೆ ಅದೂ ಆಸ್ಟ್ರೇಲಿಯದಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ. ಅತ್ತೆಮನೆಗೆ ಬರುವಾಗ ಹುಡುಗಿ ತವರಿನ ಉಪ್ಪಿನಕಾಯಿ ಭರಣಿ ತಂದಂತೆ.

ಆದರೆ ನನ್ನ ಮನಸ್ಸು ಗುಂಡುತೋಪಿನಲ್ಲಿ. ಅಲ್ಲಿ ಬಿದ್ದ ಮಾವಿನ ಕೊಂಬೆಯೊಂದರ ಮೇಲೆ, ಬೀಸಣಿಗೆಯಾಕಾರದ, ಬೆರಳುಗುರಿಗಿಂತ ಸ್ವಲ್ಪ ದೊಡ್ಡದಾದ, ಬೂದುಬಿಳಿಯ ಅಣಬೆ ಬರುತ್ತದೆ. ಮೇಲಿಂದ ನೋಡಿದರೆ ಯಾರೂ ಎರಡನೆಯ ಸಲ ನೋಡಲಾರರು. ಶಾಸ್ತ್ರದಲ್ಲಿ ಇದನ್ನು ಸ್ಕಿಜೊಫಿಲಮ್ ಕಮ್ಯೂನ್ ಎನ್ನುತ್ತಾರೆ. ಅಂಟಾರ್ಕ್ಟಿಕವೊಂದನ್ನು ಬಿಟ್ಟು ಭೂಮಿಯ ಎಲ್ಲ ಖಂಡಗಳಲ್ಲಿಯೂ ಇದೆಯಂತೆ. ಮನುಷ್ಯರಲ್ಲಿ ಗಂಡು ಹೆಣ್ಣು ಎಂಬಂತೆ ಇದರಲ್ಲಿ ಕೂಡಿಕೆಯ ಬಗೆಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕು. ಮೂರು ಲಿಂಗಗಳನ್ನು ಹುಡುಗರ ತಲೆಗೆ ತುಂಬುವುದಕ್ಕೇ ಒಂದು ಅವಧಿ ಸಾಲದೆ ಒದ್ದಾಡುವ ನನ್ನಂಥ ವ್ಯಾಕರಣದ ಮೇಷ್ಟರು ಈ ಜೀವಿಯ ಮುಂದೆ ಅಡ್ಡಬೀಳುವುದು ನ್ಯಾಯವಾಗಿಯೆ ಇದೆ.

ಅಡ್ಡಬಿದ್ದು ಅದರ ಅಡಿಭಾಗವನ್ನು ನೋಡಬೇಕು. ಕೊಡೆಯ ಕಡ್ಡಿಗಳಂತೆ ಬುಡದಿಂದ ಅಂಚಿಗೆ ಹರಡಿದ ಎಸಳುಗಳು. ಒಂದೊಂದು ಎಸಳೂ ಉದ್ದಕ್ಕೆ ಎರಡಾಗಿ ಸೀಳಿದೆ. ಬಿಸಿಲಾದರೆ ಆ ಎರಡು ಸೀಳುಗಳೂ ಹೊರಕ್ಕೆ ಸುರುಳಿಕೊಂಡು ಒಳಗಿನ ಬೀಜಕಣದ ಪದರವನ್ನು ಮುಚ್ಚಿಬಿಡುತ್ತವೆ. ಮಳೆ ಬಂದರೆ ಮತ್ತೆ ನೆಟ್ಟಗಾಗುತ್ತವೆ. ಇಷ್ಟನ್ನು ಬರಿಗಣ್ಣು ಕಾಣದು. ಕ್ಯಾಮೆರಾ ಕಾಣುತ್ತದೆಯೆ? ಅಲ್ಲಿಯೇ ತೊಡಕು.

ಮಸೂರವನ್ನು ವಸ್ತುವಿಗೆ ಹತ್ತಿರ ಹತ್ತಿರ ಒಯ್ದಷ್ಟೂ ಸ್ಪಷ್ಟವಾಗಿ ಮೂಡುವ ಭಾಗ ತೆಳ್ಳಗಾಗುತ್ತ ಹೋಗುತ್ತದೆ. ವಸ್ತುವಿನ ಬಿಂಬ ಕ್ಯಾಮೆರಾದೊಳಗೆ ನಿಜವಾದ ಗಾತ್ರದಲ್ಲಿಯೆ ಬೀಳುವಷ್ಟು ಹತ್ತಿರ ಹೋಗಿ, ಬೆಳಕಿನ ಕಿಂಡಿಯನ್ನು ಎಫ್ ೮ಕ್ಕೆ ಇಟ್ಟರೆ, ಚೊಕ್ಕವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರು. ಒಂದು ರಾಗಿ ಕಾಳಿನ ದಪ್ಪವೂ ಇಲ್ಲ. ಅದರ ಮುಂದೆ ಮಂಜು, ಹಿಂದೆ ಮಂಜು. ಕಿಂಡಿಯನ್ನು ಇನ್ನೂ ಕಿರಿದು ಮಾಡಿದರೆ ಆಳ ಹೆಚ್ಚುವುದು ನಿಜ; ಆದರೆ ಆ ಕಿರುಗಂಡಿಯಲ್ಲಿ ನುಸುಳುವ ಬೆಳಕು ಚದರಿ, ಇಡೀ ಚಿತ್ರವೇ ಮೆತ್ತಗಾಗಿಬಿಡುತ್ತದೆ. ಒಂದನ್ನು ಕೊಟ್ಟು ಒಂದನ್ನು ಕಸಿಯುವ ದೇವರ ಲೆಕ್ಕ ಇಲ್ಲಿಯೂ ತಪ್ಪಿಲ್ಲ.

ಇದಕ್ಕೆ ಜನ ಕಂಡುಕೊಂಡ ಉಪಾಯಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪದರ ಪೇರಿಸುವುದು. ಎರಡು ಸೆಂಟಿಮೀಟರು ಆಳದ ಅಣಬೆಯೆನ್ನಿ. ಅದರ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ ಫೋಕಸ್ಸನ್ನು ಅರ್ಧರ್ಧ ಮಿಲಿಮೀಟರು ಸರಿಸುತ್ತ ನಲವತ್ತು ಚಿತ್ರ ತೆಗೆಯುವುದು. ಮನೆಗೆ ಬಂದು ಅಷ್ಟನ್ನೂ ಗಣಕಯಂತ್ರಕ್ಕೆ ಕೊಟ್ಟರೆ, ಅದು ಒಂದೊಂದರಲ್ಲಿ ಎಲ್ಲೆಲ್ಲಿ ಚೊಕ್ಕವಾಗಿದೆಯೋ ಅಷ್ಟನ್ನೇ ಆರಿಸಿ, ಮಂಜನ್ನೆಲ್ಲ ಕಳೆದು, ಒಂದೇ ಚಿತ್ರವಾಗಿ ಹೊಲಿದು ಕೊಡುತ್ತದೆ. ನಾನು ಬಳಸುವ ಹೆಲಿಕಾನ್ ಫೋಕಸ್ ಉಕ್ರೇನಿನ ಖಾರ್ಕಿವ್ ನಗರದವರು ಮಾಡಿದ್ದು. ೨೦೨೨ರಲ್ಲಿ ಆ ಊರಿನ ಮೇಲೆ ಬಾಂಬು ಬೀಳುವ ಸುದ್ದಿ ಬಂದಾಗ, ಮಾಸ್ತಿಯ ಕೊಂಬೆಯ ಮೇಲಿನ ಅಣಬೆಯನ್ನು ಹೊಲಿದುಕೊಟ್ಟ ಕೈಗಳು ಈಗ ಯಾವ ನೆಲಮಾಳಿಗೆಯಲ್ಲಿವೆಯೋ ಎಂದು ಕಳವಳವಾಯಿತು.

ಹೇಳುವುದಕ್ಕೆ ಸುಲಭ. ನಲವತ್ತು ಚಿತ್ರ ಮುಗಿಯುವ ತನಕ ಏನೂ ಅಲುಗಬಾರದು. ಮುಕ್ಕಾಲಿ ನೆಲಮಟ್ಟಕ್ಕೆ ಇಳಿಯುವುದಿಲ್ಲವಾದ್ದರಿಂದ, ಬಟ್ಟೆಯ ಚೀಲದಲ್ಲಿ ಎರಡು ಸೇರು ರಾಗಿ ತುಂಬಿ ಅದರ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಮನೆಯವಳು ಆ ರಾಗಿಯನ್ನು ಮತ್ತೆ ಡಬ್ಬಕ್ಕೆ ಸೇರಿಸಲು ಒಪ್ಪಿಲ್ಲ. ಬಯಲುಸೀಮೆಯ ಗಾಳಿ ಮಳೆ ನಿಂತೊಡನೆ ಶುರುವಾಗುತ್ತದೆ. ಅದಕ್ಕೆ ಕೊಡೆ ಅಡ್ಡ. ಎಲೆಸಂದಿನ ಬಿಸಿಲು ಹತ್ತನೆಯ ಚಿತ್ರದಲ್ಲಿ ಇದ್ದ ಕಡೆ ಇಪ್ಪತ್ತನೆಯದರಲ್ಲಿ ಇರುವುದಿಲ್ಲ. ಅದಕ್ಕೂ ಕೊಡೆ ಅಡ್ಡ. ಇಷ್ಟಾದ ಮೇಲೂ ಇರುವೆಯೊಂದು ಅಣಬೆಯ ಮೇಲೆ ಅಡ್ಡಾಡಿತೆಂದರೆ, ಯಂತ್ರ ಅದನ್ನು ಸಿಕ್ಕಸಿಕ್ಕ ಪದರದಲ್ಲೆಲ್ಲ ಹಿಡಿದು, ಕಡೆಗೆ ಒಂದು ಇರುವೆಯ ಬದಲು ಏಳು ಇರುವೆಗಳ ಮೆರವಣಿಗೆ ಮಾಡಿ ತೋರಿಸುತ್ತದೆ. ಅದರಲ್ಲಿ ಎರಡಕ್ಕೆ ತಲೆಯೇ ಇರುವುದಿಲ್ಲ.

ಬೆಳಕಿನದು ಇನ್ನೊಂದು ಅಧ್ಯಾಯ. ಎದುರಿನಿಂದ ಬೆಳಕು ಬಿಟ್ಟರೆ ಅಣಬೆ ಪಾಸ್‌ಪೋರ್ಟಿನ ಫೋಟೋದಲ್ಲಿ ನಾವು ಕಾಣುವಂತೆ ಕಾಣುತ್ತದೆ. ಅದೇ ಎಂಬುದರಲ್ಲಿ ಅನುಮಾನವಿಲ್ಲ, ಅದರಲ್ಲಿ ಜೀವವೂ ಇಲ್ಲ. ಬೆಳಕು ಹಿಂದಿನಿಂದ, ಅದೂ ತಗ್ಗಿನಿಂದ ಬರಬೇಕು. ಸಣ್ಣ ಎಲ್‌ಇಡಿ ದೀಪವೊಂದಕ್ಕೆ ಬೆಣ್ಣೆಕಾಗದ ಸುತ್ತಿ ಅಣಬೆಯ ಬೆನ್ನಿಗಿಡುತ್ತೇನೆ. ಊಟದ ಪೊಟ್ಟಣದ ಬೆಳ್ಳಿ ಕಾಗದವನ್ನು ಎದುರಿಗೆ ಹಿಡಿದರೆ ಅಡಿಯ ಕತ್ತಲೆಗೆ ಅಷ್ಟಿಷ್ಟು ಬೆಳಕು ಮರಳುತ್ತದೆ. ಆಗ ಎಸಳುಗಳ ಒಳಗೇ ದೀಪ ಹಚ್ಚಿದಂತೆ ಆಗುತ್ತದೆ. ಕಾರ್ತಿಕದಲ್ಲಿ ಎಣ್ಣೆಯ ದೀಪದ ಮುಂದೆ ಕೈ ಅಡ್ಡ ಹಿಡಿದಾಗ ಬೆರಳಂಚು ಕೆಂಪಗೆ ಬೆಳಗುವುದನ್ನು ನೀವು ನೋಡಿರುತ್ತೀರಿ. ಹಾಗೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳರಂಥ ಹಿರಿಯರು ಫಿಲಮಿನ ಕಾಲದಲ್ಲಿ, ಸುರುಳಿ ತೊಳೆದ ಮೇಲಷ್ಟೆ ಫಲ ತಿಳಿಯುವ ಕಾಲದಲ್ಲಿ, ಹಕ್ಕಿಪ್ರಾಣಿಗಳ ಚಿತ್ರ ತೆಗೆದು ಲೋಕದ ಮೆಚ್ಚಿಗೆ ಪಡೆದರು. ನಾವು ತಪ್ಪಿದರೆ ಅಳಿಸಿ ಮತ್ತೆ ತೆಗೆಯುವವರು. ನಮ್ಮ ಶ್ರಮವನ್ನು ಹೆಚ್ಚು ಹೊಗಳಿಕೊಳ್ಳುವುದು ತರವಲ್ಲ.

ಮಾವಿನ ಕೊಂಬೆಯ ಸೀಳೆಸಳಿನ ಅಣಬೆಯ ಚಿತ್ರ ಹೀಗೆ ಸಿದ್ಧವಾಯಿತು. ಮುಂದಿನ ರೋಮದಿಂದ ಹಿಂದಿನ ರೋಮದವರೆಗೆ ಮಂಜಿನ ಸೋಂಕಿಲ್ಲ. ಅಧ್ಯಾಪಕರ ಕೊಠಡಿಯ ಗೋಡೆಗೆ ಹಾಕಿದೆ. ಜೀವಶಾಸ್ತ್ರದ ಮಿತ್ರರು ಅರ್ಧ ಗಂಟೆ ಅದರ ಮುಂದೆ ನಿಂತರು. ಅಂದಿನಿಂದ ಕಾಲೇಜಿನಲ್ಲಿ ನನಗೆ ಅಣಬೆ ಪಂಡಿತನೆಂಬ ಹೆಸರು ಬಂತು. ಕವಿತೆಯ ಅರ್ಥ ಕೇಳಲು ಬಾರದ ಹುಡುಗರು ಫೋನಿನಲ್ಲಿ ಅಣಬೆಯ ಚಿತ್ರ ಹಿಡಿದು ಬರತೊಡಗಿದರು. ಅವರ ಪ್ರಶ್ನೆ ಒಂದೇ: "ಸಾರ್, ಇದು ತಿನ್ನಬಹುದಾ?"

ಈ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ಏಕೆ ಹೇಳುವುದಿಲ್ಲವೆಂಬುದನ್ನು ತಿಳಿಸಲು ತೋಪಿನ ಪಕ್ಕದ ಮನೆಯ ಅಜ್ಜಿಯ ಮಾತು ತರಬೇಕು.

ಅಜ್ಜಿಗೆ ಎಂಬತ್ತರ ಹತ್ತಿರ. ಮನೆಮಾತು ತೆಲುಗು, ನನ್ನೊಡನೆ ಕನ್ನಡ. ಮೊದಲ ವರ್ಷ ನಾನು ನೆಲಕ್ಕೆ ಒರಗಿದ್ದನ್ನು ಕಂಡು "ಏನ್ ಸಾಮಿ, ಏನಾದ್ರೂ ಬಿದ್ದೋಗೈತಾ?" ಎಂದು ಹುಡುಕಲು ತಾವೂ ಬಗ್ಗಿದವರು. ಎರಡನೆಯ ವರ್ಷ, ಹುತ್ತದ ಮಗ್ಗುಲಲ್ಲಿ ಎದ್ದ ದೊಡ್ಡ ಅಣಬೆಯ ಚಿತ್ರವನ್ನು ಅಗಲವಾಗಿ ಅಚ್ಚು ಹಾಕಿಸಿ ಅವರಿಗೆ ತೋರಿಸಿದೆ. ಕಣ್ಣಿಗೆ ಕೈ ಮರೆಮಾಡಿ ಬಹಳ ಹೊತ್ತು ನೋಡಿದರು.

"ಚೆಂದಾಗೈತೆ. ಬೇರೆಲ್ಲಿ?"

"ಬೇರು ಮಣ್ಣಿನೊಳಗಿದೆ ಅಜ್ಜಿ."

"ಅದೇ ಮತ್ತೆ. ಅದ್ನೇ ಬಿಟ್ಬಿಟ್ಟಿದ್ದೀರಲ್ಲ."

ನಾನು ಆ ಅಣಬೆಯ ಟೋಪಿಯ ನೆತ್ತಿಯಲ್ಲಿರುವ ಮೊಳೆಯಂಥ ಮೊನೆಯನ್ನು ತೋರಿಸಿದೆ. ಅದು ಮಣ್ಣನ್ನು ಸೀಳಿಕೊಂಡು ಬರಲು ಇರುವ ಮೊನೆ. ಎಸಳಿನ ಗುಲಾಬಿ ಛಾಯೆಯನ್ನು ತೋರಿಸಿದೆ. ಅಜ್ಜಿ ತಲೆಯಾಡಿಸಿದರು. ಒಪ್ಪಿದ ತಲೆಯಾಟವಲ್ಲ. "ಇವೆಲ್ಲ ಇನ್ನೊಂದ್ರಾಗೂ ಇರ್ತದೆ ಸಾಮಿ. ಬೇರು ಹುತ್ತಕ್ಕೆ ಹೋಗೈತಾ ನೋಡ್ಬೇಕು. ಪುಟ್ಟಗೊಡುಗು ಅಂತ ಸುಮ್ನೆ ಅಂತಾರಾ?"

ಪುಟ್ಟಗೊಡುಗು. ತೆಲುಗಿನಲ್ಲಿ ಪುಟ್ಟ ಎಂದರೆ ಹುತ್ತ, ಗೊಡುಗು ಎಂದರೆ ಕೊಡೆ. ಹುತ್ತದ ಕೊಡೆ. ಇಪ್ಪತ್ತು ವರ್ಷ ಪದಗಳ ವ್ಯುತ್ಪತ್ತಿ ಹೇಳಿಕೊಂಡು ಬಂದವನಿಗೆ ಆ ಶಬ್ದದ ಒಳಗೆ ಇಷ್ಟು ಶಾಸ್ತ್ರ ತುಂಬಿದೆಯೆಂಬುದು ಅಂದು ಹೊಳೆಯಿತು. ನಾವು ಕನ್ನಡಿಗರು ನಾಯಿಕೊಡೆ ಎಂದು ಹೆಸರಿಟ್ಟು, ನಮ್ಮ ತಾತ್ಸಾರವೊಂದನ್ನು ಮಾತ್ರ ಅದರಲ್ಲಿ ತುಂಬಿದೆವು. ತೆಲುಗಿನವರು ಅದರ ವಿಳಾಸವನ್ನೇ ಬರೆದಿಟ್ಟರು. ೧೯೪೨ರಲ್ಲಿ ಫ್ರಾನ್ಸಿನ ರೊಜೆ ಹೇಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು ಕಟ್ಟಿದರು. ಟರ್ಮೈಟ್ ಎಂದರೆ ಗೆದ್ದಲು, ಗೆದ್ದಲಿನ ಅಣಬೆ. ಪಂಡಿತರು ಲ್ಯಾಟಿನ್ನಿಗೆ ಹೋಗಿ ತಂದ ಅರ್ಥ ಮಾಸ್ತಿಯ ಅಜ್ಜಿಯ ನಾಲಗೆಯ ಮೇಲೆ ಆಗಲೇ ಕೂತಿತ್ತು.

ಅಣಬೆಗೂ ಗೆದ್ದಲಿಗೂ ಇರುವ ನಂಟು ಇಂದು ನಿನ್ನೆಯದಲ್ಲ, ಕೋಟ್ಯಂತರ ವರ್ಷಗಳದು. ಗೆದ್ದಲು ಒಣಕಡ್ಡಿ, ತರಗೆಲೆ ತಿಂದು ತಂದದ್ದನ್ನು ಹುತ್ತದೊಳಗೆ ಜೇನುಹುಟ್ಟಿನಂತೆ ಪೇರಿಸುತ್ತದೆ. ಅದರ ಮೇಲೆ ಅಣಬೆಯ ಬಿಳಿಯ ಎಳೆಗಳನ್ನು ಬೆಳೆಸುತ್ತದೆ. ಕಟ್ಟಿಗೆಯಲ್ಲಿ ತನಗೆ ಅರಗದ್ದನ್ನು ಅಣಬೆಯಿಂದ ಅರಗಿಸಿಕೊಂಡು ಉಣ್ಣುತ್ತದೆ. ಬೇಸಾಯವೇ ಸರಿ. ಮಳೆ ಬಿದ್ದು ನೆಲ ನೆಂದಾಗ ಆ ತೋಟದಿಂದ ಹೊರಟ ಒಂದು ಉದ್ದನೆಯ ಬೇರಿನಂಥ ಕಾಂಡ ಮಣ್ಣನ್ನು ತೂರಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ನಾವು ನೆಲದ ಮೇಲೆ ಕಾಣುವುದು ಅಷ್ಟನ್ನೆ. ಕ್ಯಾಮೆರಾ ಕಾಣುವುದೂ ಅಷ್ಟನ್ನೆ. ನಲವತ್ತು ಪದರವಲ್ಲ, ನಾನೂರು ಪದರ ಪೇರಿಸಿದರೂ ಅದಕ್ಕಿಂತ ಒಂದು ಕೂದಲಿನಷ್ಟೂ ಕೆಳಕ್ಕೆ ಹೋಗಲಾರೆವು.

ಮುಂದಿನ ವರ್ಷ ಚಿತ್ತೆಯ ಮಳೆಯಲ್ಲಿ, ಒಬ್ಬ ಹುಡುಗ ಸಂಜೆ ನಮ್ಮ ಮನೆಗೇ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಅದರ ತುಂಬ ಅಂಗೈಯಗಲದ ಅಣಬೆ, ಬಿಳಿಯ ಟೋಪಿಯ ಮೇಲೆ ಕಂದು ಹೊಪ್ಪಳೆ, ಕಾಂಡಕ್ಕೆ ಉಂಗುರ. ಮನೆಯಲ್ಲಿ ತಾಯಿ ಮಸಾಲೆ ಅರೆದಿಟ್ಟಿದ್ದಾಳೆ, ಸಾರ್ ಒಂದು ಮಾತು ಹೇಳಿದರೆ ಒಲೆಗೆ ಏರುತ್ತದೆ. ಈ ಬಾರಿ ಅವನು ಗೋಡೆಯ ಮೇಲಿನ ಚಿತ್ರದ ನಕಲೊಂದನ್ನು ಫೋನಿನಲ್ಲಿ ತಂದಿದ್ದ, ಹೋಲಿಸಿ ನೋಡಿ ಎನ್ನುವುದಕ್ಕೆ. ಬಿಳಿಗೆ ಬಿಳಿ, ಎಸಳಿಗೆ ಎಸಳು. ನಾನು ಅವನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಬುಟ್ಟಿಯ ಕಡೆ ನೋಡಲೇ ಇಲ್ಲ.

"ಎಲ್ಲಿ ಕಿತ್ತೆ ಮಗಾ?"

"ಆಟದ ಬಯಲಲ್ಲಿ, ಹುಲ್ಲಿನಾಗೆ."

"ಹುತ್ತ ಇತ್ತಾ?"

"ಇಲ್ಲ ಅಜ್ಜಿ."

"ಕೀಳುವಾಗ ಬೇರು ಬಂತಾ?"

"ಇಲ್ಲ. ಗೆಡ್ಡೆ ಥರ ಇತ್ತು ಬುಡ, ಸುಲಭವಾಗಿ ಬಂತು."

"ತಿಪ್ಪೇಗೆ ಹಾಕು. ಕೈ ತೊಳ್ಕೊ."

ಹುಡುಗನ ಮುಖ ಚಿಕ್ಕದಾಯಿತು. ಬುಟ್ಟಿಯಲ್ಲಿ ಆಗತಾನೆ ಬಿಚ್ಚಿದ್ದ ಒಂದನ್ನು ನಾನು ಇಟ್ಟುಕೊಂಡು ಮಿಕ್ಕದ್ದನ್ನು ಗುಂಡಿ ತೋಡಿ ಮುಚ್ಚಿಸಿದೆ. ಮನೆಗೆ ಬಂದು, ಹಿಂದಿನಿಂದ ಬೆಳಕು ಕೊಟ್ಟು, ಅದರ ಎಸಳುಗಳ ಚಿತ್ರ ತೆಗೆದೆ. ನಲವತ್ತೆರಡು ಪದರ. ನನ್ನ ಚಿತ್ರಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಅದೇ ಎಂದು ಇಂದಿಗೂ ಹೇಳಬಲ್ಲೆ. ಮದುವೆಯ ಮನೆಯ ಹೊಸ ಪಂಚೆಯ ನಿರಿಗೆಯಂತೆ ಬಿಳಿಯೆಂದರೆ ಬಿಳಿ. ಆಮೇಲೆ ಕಾಂಡ ಮುರಿದು, ಟೋಪಿಯನ್ನು ಬಿಳಿಯ ಕಾಗದದ ಮೇಲೆ ಕವುಚಿಹಾಕಿ, ಬಟ್ಟಲು ಮುಚ್ಚಿ ಮಲಗಿದೆ. ಅಣಬೆ ಬಲ್ಲವರು ಬೀಜಕಣದ ಬಣ್ಣ ತಿಳಿಯಲು ಮಾಡುವ ಹಳೆಯ ಪರೀಕ್ಷೆ ಇದು. ಬೆಳಿಗ್ಗೆ ತೆಗೆದು ನೋಡಿದರೆ ಕಾಗದದ ಮೇಲೆ ಚಕ್ರದ ಅರೆಕಾಲುಗಳಂತೆ ಗೆರೆ ಮೂಡಿತ್ತು. ಬಣ್ಣ ಹಸಿರು. ಮಾಸಿದ, ಪಾಚಿಯ ಹಸಿರು.

ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಹುಲ್ಲುಗಾವಲುಗಳಲ್ಲಿ ಎಲ್ಲೆಲ್ಲಿಯೂ ಏಳುತ್ತದೆ. ಎಳೆಯದರಲ್ಲಿ ಎಸಳು ಬಿಳಿ. ಬಲಿತಂತೆ ಹಸಿರಿಗೆ ತಿರುಗುತ್ತದೆ. ತಿಂದವರಿಗೆ ಒಂದು, ಎರಡು, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಹೊಟ್ಟೆ ತೊಳಸಿ ವಾಂತಿ ಭೇದಿ. ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವುದಿಲ್ಲವೆಂಬುದೊಂದೇ ಪುಣ್ಯ. ಬೇರೆ ಕೆಲವು ಆ ಪುಣ್ಯವನ್ನೂ ಉಳಿಸುವುದಿಲ್ಲ. ೨೦೨೨ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು ೧೩ ಮಂದಿ ಸತ್ತರು. ಬೆಳ್ಳುಳ್ಳಿ ಹಾಕಿ ಬೇಯಿಸಿ ಕಪ್ಪಾಗದಿದ್ದರೆ ಸರಿ, ಬೆಳ್ಳಿಯ ಚಮಚ ಕಂದದಿದ್ದರೆ ಸರಿ ಎಂಬ ಮಾತುಗಳನ್ನು ನಂಬಬೇಡಿ. ಕೊಲ್ಲುವ ಅಣಬೆಯ ವಿಷ ಬೆಂದರೂ ಹೋಗದು. ಅಜ್ಜಿಯ ಹುತ್ತದ ನಿಯಮವನ್ನೂ ಪತ್ರಿಕೆಯಲ್ಲಿ ಓದಿಕೊಂಡು ಹೊರಡಬೇಡಿ. ಅದು ಅವರ ಕೈಗೆ ಎಪ್ಪತ್ತು ವರ್ಷದಲ್ಲಿ ಬಂದದ್ದು, ನಿಮ್ಮ ಕೈಗೆ ಭಾನುವಾರ ಬೆಳಿಗ್ಗೆ ಬರುವುದಿಲ್ಲ.

ಹುಡುಗನಿಗೆ ಚಿತ್ರವನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. "ಫೋಟೋದಲ್ಲಿ ಬೆಳ್ಳಗೇ ಇದೆಯಲ್ಲ ಸಾರ್" ಎಂದ. ಇದೆ. ಸಂಜೆ ಏಳು ಗಂಟೆಗೆ ಅದು ಬಿಳಿಯೇ. ಚಿತ್ರ ಸುಳ್ಳು ಹೇಳಿಲ್ಲ. ಆ ಕ್ಷಣದ ಮುಂದಿನಂಚಿನಿಂದ ಹಿಂದಿನಂಚಿನವರೆಗೆ ಎಲ್ಲವನ್ನೂ ಹೇಳಿದೆ. ಬೆಳಗಿನ ಜಾವದ ಮಾತನ್ನು ಅದು ಹೇಗೆ ಹೇಳೀತು?

ಕುಂಚದವರಿಗೆ ಈ ಕಷ್ಟ ಇರಲಿಲ್ಲವೆಂದು ಕಾಣುತ್ತದೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ ಮಕ್ಕಳ ಮೊಲದ ಕತೆಗಳಿಂದ ಹೆಸರಾಗುವ ಮೊದಲು ಅಣಬೆಗಳನ್ನು ಬರೆಯುತ್ತಿದ್ದಳು. ೧೮೯೭ರಲ್ಲಿ ಲಿನ್ನಿಯನ್ ಸಂಘದಲ್ಲಿ ಅವಳ ಪ್ರಬಂಧವನ್ನು ಇನ್ನೊಬ್ಬರು ಮಂಡಿಸಬೇಕಾಯಿತು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಮ್ಮ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಗಿಡಮರಗಳನ್ನು ಬರೆದರು. (ಕ್ಯಾಮರಾನರ ತೋಟದಲ್ಲಿ ಕ್ಯಾಮೆರಾ ಬದಲು ಕುಂಚ ಎಂಬ ಶ್ಲೇಷೆ ನನ್ನದಲ್ಲ, ದೈವದ್ದು.) ಇಂಥ ಶಾಸ್ತ್ರಚಿತ್ರಗಳ ಸಂಪ್ರದಾಯದಲ್ಲಿ ಒಂದೇ ಹಾಳೆಯ ಮೇಲೆ ಮೊಗ್ಗು, ಬಿರಿದದ್ದು, ಬಾಡಿದ್ದು, ಉದ್ದಕ್ಕೆ ಸೀಳಿದ್ದು, ಬೇರು, ಬೀಜ ಎಲ್ಲ ಒಟ್ಟಿಗೆ ಇರುತ್ತವೆ. ಅದೂ ಪದರ ಪೇರಿಸುವುದೇ ಅಲ್ಲವೆ? ನಾವು ಮಿಲಿಮೀಟರುಗಳನ್ನು ಪೇರಿಸುತ್ತೇವೆ; ಅವರು ದಿನಗಳನ್ನು ಪೇರಿಸಿದರು. ಈಗ ನಾನೂ ಒಂದೊಂದು ಚಿತ್ರದ ಪಕ್ಕ ಅದರ ಬೀಜಕಣದ ಕಾಗದವನ್ನು ಅಂಟಿಸಿ, ಎಲ್ಲಿ ಎದ್ದಿತ್ತು, ಯಾವ ಮಳೆ, ಬುಡದಲ್ಲಿ ಏನಿತ್ತು ಎಂದು ಬರೆದಿಡುತ್ತೇನೆ. ಅಂದವೇನೋ ಕೆಟ್ಟಿದೆ. ಅಧ್ಯಾಪಕರ ಕೊಠಡಿಯವರು ಗೋಡೆಯ ಮೇಲೆ ಇದೆಂಥ ಪಂಚಾಂಗ ಎನ್ನುತ್ತಾರೆ.

ಒಂದು ಮಾತ್ರ ಇನ್ನೂ ಖಾಲಿ ಉಳಿದಿದೆ. ಹುತ್ತದ ಅಣಬೆಯ ಬೇರು. ಅದನ್ನು ಚಿತ್ರದಲ್ಲಿ ತೋರಿಸಬೇಕಾದರೆ ಒಂದು ಮಗ್ಗುಲಿನ ಮಣ್ಣನ್ನು ತೋಟದವರೆಗೆ ನೆಟ್ಟಗೆ ಕಡಿದು, ಅಡಿಯಿಂದ ಮುಡಿಯವರೆಗೆ ಬಿಡಿಸಿ, ಬೆಳಕು ಕೊಟ್ಟು, ಮುನ್ನೂರು ಪದರವಾದರೂ ತೆಗೆಯಬೇಕು. ಈ ವರ್ಷ ಗುದ್ದಲಿ ಕೊಂಡೊಯ್ದಿದ್ದೆ. ಅಜ್ಜಿ ಬಾಗಿಲಲ್ಲಿ ಕೂತಿದ್ದವರು ಗುದ್ದಲಿ ಕಂಡು ಎದ್ದು ಬಂದರು.

"ಬೇರು ನೋಡ್ಬೇಕು ಅಂದವರು ನೀವೇ ಅಲ್ಲವೆ ಅಜ್ಜಿ?"

"ನೋಡ್ಬೇಕು ಅಂದೆ. ಅಗೀಬೇಕು ಅಂದ್ನಾ? ಹುತ್ತ ಒಡೆದ್ರೆ ಬರೋ ವರ್ಷ ಎಲ್ಲಿಂದ ಬರ್ತದೆ?"

ಗುದ್ದಲಿಯನ್ನು ಹೊಂಗೆಯ ಬುಡಕ್ಕೆ ಒರಗಿಸಿದೆ. ಅಜ್ಜಿ ಮೊಣಕಾಲೂರಿ ಕೂತು, ಅಣಬೆಯ ಕಾಂಡದ ಪಕ್ಕದ ನೆಂದ ಮಣ್ಣಿನಲ್ಲಿ ಎರಡು ಬೆರಳು ಇಳಿಸಿ, "ಹಿಂಗೆ" ಎಂದರು. ನಾನೂ ಇಳಿಸಿದೆ. ಬೆರಳು, ಅಂಗೈ, ಮಣಿಕಟ್ಟು. ತಣ್ಣಗೆ, ನುಣ್ಣಗೆ, ಕೆಳಕೆಳಕ್ಕೆ ಸಣ್ಣಗಾಗುತ್ತ, ತುಂಡಾಗದೆ ಹೋಗುತ್ತಲೇ ಇತ್ತು. ಮೊಣಕೈಯವರೆಗೆ ಮಣ್ಣಾಗಿ, ಆ ಬೆಳಿಗ್ಗೆ ಮತ್ತೆ ಕ್ಯಾಮೆರಾ ಮುಟ್ಟುವಂತಿರಲಿಲ್ಲ.